ಗಾದಿಯ ಮುಂದಿನ ಕ್ಯಾಮೆರಾ

ಮಾಂತುವಿಗೆ ಬೈಸಿಕೊಳ್ಳಲೂ ಪುರಸೊತ್ತು ಇರಲಿಲ್ಲ. ಹಡಪಸರದ ಮೆಣಸಿನಕಾಯಿ ಗೋದಾಮಿನ ಹಿಂದಿನ ಕೋಣೆಯಲ್ಲಿ, ಕರವಸ್ತ್ರದಿಂದ ಮೂಗು ಬಾಯಿ ಕಟ್ಟಿಕೊಂಡು, ಮೊಣಕಾಲೂರಿ ಕೂತು ಅವನು ಒಂದು ಹಳೆಯ ಕಂಪ್ಯೂಟರಿನ ಬದಿಯ ತಗಡು ಬಿಚ್ಚುತ್ತಿದ್ದ. ಬಿಚ್ಚಿದ ಕೂಡಲೇ ಒಳಗಿನಿಂದ ಕೆಂಪು ಧೂಳು ಉದುರಿತು. ಬಾಗಿಲಲ್ಲಿ ನಿಂತಿದ್ದ ಹಮಾಲ ಅಂಬಾರಾಯ ಎರಡು ಸಲ ಸೀನಿದ.

"ನಿಮ್ಮ ಡಬ್ಬಿಗೂ ಖಾರ ಹಾಕ್ಯಾರ ನೋಡ್ರಿ," ಎಂದ. "ಹೊರಗ ಲಾರಿ ಡ್ರೈವರ್ ಯಾರನ್ನರೆ ಹೊಡೀಬೇಕು ಅಂತ ನಿಂತಾನ. ನಾ ನಿಮ್ಮ ಹೆಸರು ಹೇಳೀನಿ."

"ಚಲೋ ಮಾಡಿದಿ. ಆ ಟಾರ್ಚ್ ಹಿಡಿ ಇತ್ತಾಗ."

ಅದು ಅಂಗಡಿಯ ಫೈರ್‌ವಾಲ್. ಹೊರಗಿನ ಇಂಟರ್ನೆಟ್ಟಿಗೂ ಒಳಗಿನ ಕಂಪ್ಯೂಟರುಗಳಿಗೂ ನಡುವೆ ನಿಂತು, ಯಾರನ್ನು ಬಿಡಬೇಕು ಯಾರನ್ನು ತಡೆಯಬೇಕು ಎಂದು ನೋಡಿಕೊಳ್ಳುವ ಯಂತ್ರ. ದೊಡ್ಡ ಕಂಪನಿಗಳಲ್ಲಿ ಆ ಕೆಲಸಕ್ಕೆಂದೇ ಬೇರೆ ಪೆಟ್ಟಿಗೆ ಇರುತ್ತದೆ. ಇಲ್ಲಿ ಹಾಗಿಲ್ಲ. ಹಳೆಯ ಕಂಪ್ಯೂಟರೊಂದಕ್ಕೆ ಹೊಸದೊಂದು ದೊಡ್ಡ ಡಿಸ್ಕ್ ಹಾಕಿ, ಬಾಗಿಲು ಕಾಯುವುದನ್ನೂ ಅಂಗಡಿಯ ಕ್ಯಾಮೆರಾಗಳ ಚಿತ್ರ ಕೂಡಿಡುವುದನ್ನೂ ಮಾಂತು ಅದೊಂದಕ್ಕೇ ವಹಿಸಿದ್ದ. ಒಂದೇ ಎತ್ತಿಗೆ ಗಾಡಿಯನ್ನೂ ಗಾಣವನ್ನೂ ಕಟ್ಟಿದ ಹಾಗೆ. ನಿನ್ನೆ ಸಂಜೆ ಹೊಸ ಅಪ್ಡೇಟ್ ಬಂದಿತ್ತು. ಅದನ್ನು ಹಚ್ಚಿ ಮನೆಗೆ ಹೋಗಿದ್ದ. ಬೆಳಿಗ್ಗೆ ನೋಡಿದರೆ ಅಪ್ಡೇಟ್ ಅರ್ಧಕ್ಕೇ ನಿಂತಿತ್ತು, ಯಂತ್ರ ಎದ್ದಿರಲಿಲ್ಲ. ಕಪ್ಪು ಪರದೆಯ ಮೂಲೆಯಲ್ಲಿ ಬಿಳಿ ಗೀಟೊಂದು ಮಿಣುಕುತ್ತಿತ್ತು, ಅಷ್ಟೇ.

ಅದು ಏಳದಿದ್ದರೆ ತೂಕದ ಕಂಪ್ಯೂಟರಿನ ಲೆಕ್ಕ ಬಿಲ್ಲಿನ ಕಂಪ್ಯೂಟರಿಗೆ ಬರುತ್ತಿರಲಿಲ್ಲ. ಬಿಲ್ಲಿಲ್ಲದೆ ಲಾರಿ ಕದಲುತ್ತಿರಲಿಲ್ಲ. ಒಂದು ಬಿಲ್ಲನ್ನು ವಿಕಾಸ ತನ್ನ ಮೊಬೈಲಿನ ನೆಟ್ಟಿನಿಂದ ಹೇಗೋ ತೆಗೆದಿದ್ದ. ಎರಡನೆಯದಕ್ಕೆ ತಗಡಿನ ಛಾವಣಿಯ ಕೆಳಗೆ ರೇಂಜು ಸಿಗಲಿಲ್ಲ. ಈಗ ಅವನೇ ಒಳಗೆ ಬಂದು ನಿಂತ. ವಿಕಾಸ ಅಂಗಡಿಯ ಈಗಿನ ಮಾಲಕ. ತಂದೆ ಶಿವರುದ್ರಪ್ಪ ಸಂಕ್ರಾಂತಿಯ ಮರುದಿನ ಲಿಂಗೈಕ್ಯರಾದ ಮೇಲೆ ಗಾದಿಗೆ ಬಂದವನು. ಗಾದಿಗೆ ಬಂದನೆಂದರೂ ಗಾದಿಯ ಮೇಲೆ ಕೂರುತ್ತಿರಲಿಲ್ಲ, ಪಕ್ಕಕ್ಕೆ ಕುರ್ಚಿ ಹಾಕಿಸಿಕೊಂಡಿದ್ದ.

"ಎಷ್ಟ ಹೊತ್ತೋ ಮಾಂತು?"

"ಎಲ್ಲಾ ಅಳಿಸಿ ಹೊಸದಾಗಿ ಹಾಕಿದ್ರ ಊಟದ ಹೊತ್ತಿಗೆ ಆಗ್ತದ್ರಿ ಅಣ್ಣಾರ. ಇದನ್ನಽ ರಿಪೇರಿ ಮಾಡ್ಕೋತ ಕುಂತ್ರ ಹೇಳಾಕ ಬರೂದಿಲ್ಲ."

"ಅಳಿಸಿದ್ರ ಒಳಗಿದ್ದದ್ದು?"

"ಬ್ಯಾಕಪ್ ಅದ. ದಿನಾ ರಾತ್ರಿ ಆಗ್ತದ."

"ಮತ್ತ ಯಾಕ ಕೇಳ್ತಿ? ಅಳಸು."

ಮಾಂತು ಅಳಿಸಲು ಕೈ ಹಚ್ಚುವ ಮುಂಚೆ ಮೊಬೈಲಿನಲ್ಲಿ ಮೇಲ್ ತೆಗೆದು ನೋಡಿದ. ಪ್ರತಿ ಬೆಳಿಗ್ಗೆ ಯಂತ್ರ ತಾನಾಗಿ ಅವನಿಗೊಂದು ಮೇಲ್ ಕಳಿಸುತ್ತಿತ್ತು: ಬ್ಯಾಕಪ್ ಯಶಸ್ವಿ. ನಿನ್ನೆ ಬೆಳಗಿನದು ಬಂದಿತ್ತು, ಅದರ ಹಿಂದಿನದು ಬಂದಿತ್ತು, ಅದರ ಹಿಂದಿನದೂ. ಬೆರಳಿನಿಂದ ಜಾರಿಸುತ್ತ ಹೋದಷ್ಟೂ ಯಶಸ್ವಿ, ಯಶಸ್ವಿ. ಬ್ಯಾಕಪ್ ಇಡುವ ಹೊರಗಿನ ಚಿಕ್ಕ ಡಿಸ್ಕ್ ಜಾಗದಲ್ಲಿದೆಯೇ ಎಂದು ಎದ್ದು ನೋಡಲಿಲ್ಲ. ಹೊರಗೆ ಲಾರಿ ಮತ್ತೆ ಹಾರ್ನ್ ಹೊಡೆಯಿತು. ಅವನು ಪೆನ್‌ಡ್ರೈವ್ ಚುಚ್ಚಿ, ಪರದೆ ಕೇಳಿದ ಪ್ರಶ್ನೆಗೆ ಹೌದು ಎಂದು ಒತ್ತಿದ.

ಊಟದ ಹೊತ್ತಿಗೆ ಎಲ್ಲ ಸರಿಹೋಯಿತು. ಫೈರ್‌ವಾಲಿನ ನಿಯಮಗಳ ಒಂದು ಪ್ರತಿ ಅವನ ಲ್ಯಾಪ್‌ಟಾಪಿನಲ್ಲೇ ಇತ್ತು. ಹಾಕಿದೊಡನೆ ತೂಕ ಬಿಲ್ಲಿಗೆ ಬಂತು, ಬಿಲ್ಲು ಪ್ರಿಂಟರಿಗೆ ಬಂತು, ಲಾರಿ ಬೈಯುತ್ತಲೇ ಹೊರಟಿತು. ಅಂಬಾರಾಯ ಚಹಾ ತಂದುಕೊಟ್ಟ. ಇನ್ನು ಉಳಿದದ್ದು ಕ್ಯಾಮೆರಾದ ಹಳೆಯ ಚಿತ್ರಗಳನ್ನು ಬ್ಯಾಕಪ್ಪಿನಿಂದ ವಾಪಸು ತರುವುದೊಂದೇ. ಮಾಂತು ಲೋಟ ಕೆಳಗಿಟ್ಟು, ಯಂತ್ರದ ಹಿಂದೆ ಕೈ ಹಾಕಿ ಡಿಸ್ಕಿಗಾಗಿ ತಡಕಿದ. ವೈರು ಸಿಕ್ಕಿತು. ಎಳೆದ. ವೈರಿನ ತುದಿ ಬರಿದೇ ಬಂತು.

ತುದಿಯ ಲೋಹಕ್ಕೆ ಕುಂಕುಮ ಅಂಟಿತ್ತು.

ಅವನು ಅದನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಿದ.

ಖಂಡೆಪೂಜೆಯ, ಎಂದರೆ ಆಯುಧಪೂಜೆಯ, ಕುಂಕುಮ ಅದು. ಈ ಅಂಗಡಿಯಲ್ಲಿ ಖಂಡೆಪೂಜೆಗೆ ತಪ್ಪಿಸಿಕೊಂಡ ಸಾಮಾನಿಲ್ಲ. ಮಾಂತುವಿನ ತಾಯಿ ಇದೇ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕೂರುತ್ತಿದ್ದ ಕಾಲದಲ್ಲಿ ಹಲಗೆಯ ಮೇಲೆ ತಕ್ಕಡಿ, ತೂಕದ ಕಲ್ಲು, ಚೀಲ ಹೊಲಿಯುವ ದಬ್ಬಣ, ಹಮಾಲರ ಕೊಕ್ಕೆ, ಸಾವಕಾರರ ಪೆನ್ನು ಇರುತ್ತಿದ್ದವು. ಆಮೇಲೆ ಫೋನು ಬಂತು, ಫ್ಯಾಕ್ಸು ಬಂತು. ಫ್ಯಾಕ್ಸ್ ಹೋಗಿ ಕಂಪ್ಯೂಟರ್ ಬಂತು. ಮಾಂತುವನ್ನು ಕಂಪ್ಯೂಟರ್ ಕೋರ್ಸಿಗೆ ಕಳಿಸಿದ್ದು ಸಾವಕಾರ ಶಿವರುದ್ರಪ್ಪನವರೇ. ಕಲಿತು ಬಂದ ಮೊದಲ ವರ್ಷ ಅವನು ಹೊಸ ಹುರುಪಿನಲ್ಲಿ, ಕಂಪ್ಯೂಟರ್ ಬಂದ್ ಮಾಡುವುದು ಬೇಡ, ಚಾಲೂ ಇದ್ದಾಗಲೇ ಪೂಜೆ ಮಾಡಿ ಎಂದಿದ್ದ. ಸಾವಕಾರರು ಹಣೆಯ ವಿಭೂತಿ ಮುದುಡುವಂತೆ ಹುಬ್ಬೇರಿಸಿದ್ದರು.

"ಕಾರಹುಣ್ಣಿಮಿ ದಿನ ಎತ್ತಿಗೂ ನೊಗ ಇಡೂದಿಲ್ಲ. ಇದಕ್ಕೇನು ಎತ್ತಿಗಿಂತ ಹೆಚ್ಚಿನ ಕ್ವಾಡ ಮೂಡ್ಯಾವೇನು?"

ಅಂದಿನಿಂದ ಖಂಡೆಪೂಜೆಯ ದಿನ ಎಲ್ಲ ಬಂದ್. ವೈರು ಕಿತ್ತು, ಧೂಳು ಒರೆಸಿ, ಯಂತ್ರಗಳನ್ನು ಸಾಲಾಗಿ ಹಲಗೆಯ ಮೇಲೆ ಏರಿಸಬೇಕು. ಪೂಜೆಗೆ ಸಾವಕಾರರ ಹೆಂಡತಿ ಶಿವಗಂಗವ್ವ ವಾಕಡದ ಫ್ಲ್ಯಾಟಿನಿಂದ ಬರುತ್ತಿದ್ದಳು. ಕಳೆದ ದಸರೆಯಲ್ಲಿ ಅವಳು ಆ ಚಿಕ್ಕ ಕಪ್ಪು ಡಿಸ್ಕನ್ನು ಎತ್ತಿ ಹಿಡಿದು, ಇದೇನೋ ಮಾಂತು ಎಂದು ಕೇಳಿದ್ದಳು. ಅಂಗಡಿ ಸುಟ್ಟುಹೋದರೂ ಇದೊಂದು ಇದ್ದರೆ ಎಲ್ಲ ವಾಪಸು ಬರುತ್ತದೆ ಎಂದು ಅವನು ಹೆಮ್ಮೆಯಿಂದ ಹೇಳಿದ್ದ. "ಹಂಗಿದ್ರ ಇದಕ್ಕಽ ಮೊದಲ ಪೂಜಾ," ಎಂದು ಅವಳು ಅದನ್ನು ವೈರಿನಿಂದ ಕಿತ್ತು, ಎಲ್ಲಕ್ಕಿಂತ ಮುಂದೆ ಇಟ್ಟು, ಬೆರಳ ತುಂಬ ಕುಂಕುಮ ಹಚ್ಚಿದ್ದಳು. ಮರುದಿನ ಬನ್ನಿ ಕೊಡಲು ಮಾಂತು ಊರಿಗೆ ಹೋದ. ಅದರ ಮರುದಿನ ಉಳಿದ ಯಂತ್ರಗಳನ್ನು ಅಂಬಾರಾಯ ತನಗೆ ತಿಳಿದಂತೆ ಎತ್ತಿಟ್ಟು ಸ್ವಿಚ್ ಹಾಕಿದ. ಆ ಡಿಸ್ಕು ಮಾತ್ರ ಗಂಟೆ, ಆರತಿ ತಟ್ಟೆಯ ಜೊತೆಗೆ ಪೂಜಾ ಸಾಮಾನಿನ ಗಂಟು ಸೇರಿ ವಾಕಡಕ್ಕೆ ಹೋಗಿತ್ತು.

ಹಾಗಾದರೆ ದಿನಾ ಯಶಸ್ವಿ ಎಂದು ಬರುತ್ತಿದ್ದ ಮೇಲ್? ಅದೂ ಈಗ ಹೊಳೆಯಿತು. ಡಿಸ್ಕ್ ಕಿತ್ತರೂ ಅದರ ಹೆಸರಿನ ಖಾಲಿ ಫೋಲ್ಡರೊಂದು ಯಂತ್ರದೊಳಗೆ ಉಳಿದಿರುತ್ತದೆ. ಯಂತ್ರ ಪ್ರತಿ ರಾತ್ರಿ ಡಿಸ್ಕಿಗೆ ಕಳಿಸುತ್ತಿದ್ದೇನೆಂದು ನಂಬಿ ಪ್ರತಿಯನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು, ಕೆಲಸ ಮುಗಿಯಿತು ಎಂದು ಮೇಲ್ ಮಾಡುತ್ತಿತ್ತು. ಹಾಗೆ ತುಂಬಿ ತುಂಬಿ ಜಾಗ ಸಾಲದಾಗಿ ನಿನ್ನೆಯ ಅಪ್ಡೇಟ್ ಅರ್ಧಕ್ಕೆ ನಿಂತದ್ದು. ಬೆಳಿಗ್ಗೆ ಅವನು ಅಳಿಸಿದ್ದು ಮೂಲವನ್ನೂ ಪ್ರತಿಯನ್ನೂ ಕೂಡಿಯೇ.

ಬೆಳಿಗ್ಗೆ ಅಳಿಸುವ ಬದಲು ಪೇಟೆಯಿಂದ ಹೊಸ ಡಿಸ್ಕೊಂದನ್ನು ತಂದು ಯಂತ್ರಕ್ಕೆ ಹಾಕಿ, ಹಳೆಯದನ್ನು ಪಕ್ಕಕ್ಕಿಟ್ಟಿದ್ದರೆ ಮುಗಿಯುತ್ತಿತ್ತು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಅವನು ಹೇಳಿಕೊಡುತ್ತಿದ್ದದ್ದೇ ಅದು. ಅಳಿಸಿದ್ದನ್ನು ಹೆಕ್ಕಿ ತೆಗೆಯುವ ಪ್ರೋಗ್ರಾಂ ಹಚ್ಚಿ ನೋಡಿದ. ಏನೂ ಬರಲಿಲ್ಲ. ಹಳೆಯ ಕಾಲದ ಡಿಸ್ಕುಗಳು ಅಳಿಸು ಎಂದರೂ ತಳದಲ್ಲಿ ಅಷ್ಟಿಷ್ಟು ಉಳಿಸಿಕೊಳ್ಳುತ್ತಿದ್ದವು. ಈಗಿನವು ಹೇಳಿದ ಮಾತು ಕೇಳುತ್ತವೆ.

ಮೂರು ಗಂಟೆಗೆ ಫೋನ್ ಬಂತು. ಶಿವಗಂಗವ್ವನದು.

"ಮಾಂತು, ಟೀವ್ಯಾಗ ಅಂಗಡಿ ಕಾಣವಲ್ದಲ್ಲೋ."

"ರಿಪೇರಿ ನಡದದರಿ ಅವ್ವಾರ."

"ಆತು. ನಾ ಕುಂತಿರ್ತೀನಿ," ಎಂದು ಇಟ್ಟುಬಿಟ್ಟಳು.

ಕಳೆದ ವರ್ಷ ಯುಗಾದಿಯ ಹೊತ್ತಿಗೆ ಶಿವರುದ್ರಪ್ಪನವರ ಎದೆಗೆ ಸ್ಟೆಂಟ್ ಹಾಕಿದಾಗ ಶುರುವಾದದ್ದು ಇದು. ಮನೆಯಲ್ಲಿ ಪಥ್ಯ ಮಾಡಿ ಅಂಗಡಿಯಲ್ಲಿ ಮಿರ್ಚಿಭಜಿ ತಿನ್ನುತ್ತಾರೆಂಬ ಗುಮಾನಿ ಶಿವಗಂಗವ್ವನಿಗೆ. ಗಾದಿಯ ಮುಂದೆ ಒಂದು ಕ್ಯಾಮೆರಾ ಹಾಕಿ ನನ್ನ ಟೀವಿಗೆ ಕಾಣುವ ಹಾಗೆ ಮಾಡು ಎಂದು ಮಾಂತುವಿಗೆ ಗಂಟುಬಿದ್ದಳು. ಅವನು ಫೈರ್‌ವಾಲಿನಲ್ಲಿ ಆ ಒಂದು ಟೀವಿಗೆಂದೇ ಬಾಗಿಲು ತೆರೆದುಕೊಟ್ಟ. ಸಾವಕಾರರಿಗೆ ಗೊತ್ತಾಯಿತು, ಸಿಟ್ಟಾಗಲಿಲ್ಲ. ವ್ಯಾಪಾರಿಯ ಬುದ್ಧಿ, ಅದರಲ್ಲೂ ಒಂದು ಲಾಭ ಕಂಡರು. "ಹೆಂಗೂ ಹಾಕೀದಿ, ಇದರಾಗಿಂದು ಏನೂ ಅಳಸಬ್ಯಾಡ. ನಾಳೆ ಗಿರಾಕಿ ಬಂದು ನಾ ಹಂಗ ಅಂದೇ ಇಲ್ಲ ಅಂದ್ರ ತೋರ್ಸಾಕ ಬೇಕಾಗ್ತದ," ಎಂದಿದ್ದರು. ಉಳಿದ ಕ್ಯಾಮೆರಾಗಳ ಚಿತ್ರ ತಿಂಗಳಿಗೊಮ್ಮೆ ಅಳಿಯುತ್ತಿತ್ತು. ಗಾದಿಯ ಮುಂದಿನದು ಮಾತ್ರ ಅಳಿಯದೆ ಉಳಿಯುತ್ತ ಬಂತು.

ಅವರು ಹೋದ ಮೇಲೆ, ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಒಂದು ದಿನ ಶಿವಗಂಗವ್ವ ಮಾಂತುವನ್ನು ಕರೆಸಿ, ಹಳೆಯ ದಿನಗಳನ್ನು ಟೀವಿಯಲ್ಲಿ ತೆಗೆಯುವುದು ಹೇಗೆಂದು ಕೇಳಿದಳು. ರಿಮೋಟಿನ ಯಾವ ಗುಂಡಿ ಒತ್ತಿದರೆ ತಾರೀಖು ಬರುತ್ತದೆಂದು ತೋರಿಸಿಕೊಟ್ಟ. ಅಲ್ಲಿಂದ ದಿನಾ ಮಧ್ಯಾಹ್ನ ಊಟವಾದ ಮೇಲೆ ಅವಳಿಗೆ ಅದೇ. ಧಾರಾವಾಹಿ ನೋಡುವವರು ನೋಡುವ ಹಾಗೆ.

ವಿಕಾಸನಿಗೆ ವಿಷಯ ಹೇಳಿದಾಗ ಅವನು ಬೈಯಲಿಲ್ಲ. ಕುರ್ಚಿಯಿಂದ ಖಾಲಿ ಗಾದಿಯ ಕಡೆ ನೋಡಿ, ಕನ್ನಡಕ ತೆಗೆದು ಒರೆಸಿದ.

"ದಸರಾದ ಮೊದಲಿನವು ಆ ಡಿಸ್ಕಿನಾಗ ಅವ ಹೌದಲ್ಲೊ?"

"ಅವರಿ."

"ಅವನ್ನಽ ಹಚ್ಚಿಬಿಡು. ಮೂಲ್ಯಾಗಿನ ತಾರೀಖು ಅಳಸಾಕ ಬರ್ತದಿಲ್ಲೊ?"

"ಬರ್ತದ್ರಿ."

"ಮತ್ತ? ಎಲ್ಲಾ ದಿನಾ ಒಂದಽ ನಮೂನಿ. ಅಪ್ಪಾ ಕುಂತಿರ್ತಾರ, ಗಿರಾಕಿ ಬರ್ತಾರ ಹೋಗ್ತಾರ. ಅವ್ವಗ ಏನ ಗೊತ್ತಾಗ್ತದ? ಹೋಗಿ, ರಿಪೇರಿಗೆ ಬೇಕು ಅಂತ ಹೇಳಿ ಡಿಸ್ಕ್ ತಗೊಂಡ್ ಬಾ." ಕನ್ನಡಕ ಹಾಕಿಕೊಂಡು ಹೇಳಿದ: "ಒಮ್ಮೆ ಅತ್ತಾಳ. ಸಾಕು."

ಹಡಪಸರದಿಂದ ವಾಕಡಕ್ಕೆ ಊರನ್ನು ಅಡ್ಡ ಸೀಳಿಕೊಂಡು ಹೋಗಬೇಕು. ಮಗರಪಟ್ಟಾದ ಸಿಗ್ನಲ್ಲಿನಲ್ಲಿ ಮಾಂತು ಬೈಕು ನಿಲ್ಲಿಸಿದಾಗ ಆಫೀಸಿನ ಹುಡುಗ ಹುಡುಗಿಯರು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ವಡಾಪಾವ್ ಗಾಡಿಯ ಸುತ್ತ ನಿಂತಿದ್ದರು. ಅವನ ಕಣ್ಣಿಗೆ ಮಾತ್ರ ಗಾದಿಯೇ ಕಟ್ಟಿತ್ತು. ಆ ಕ್ಯಾಮೆರಾ ಸರಿಯಾಗಿದೆಯೋ ಇಲ್ಲವೋ ನೋಡಲು ಅವನು ಆಗಾಗ ಚಿತ್ರ ತೆಗೆಯುತ್ತಿದ್ದ. ತೆಗೆದವನು ಕೆಲಸ ಮರೆತು ನೋಡುತ್ತ ಕೂತದ್ದೂ ಉಂಟು.

ದನಿಯಿಲ್ಲದ ಚಿತ್ರ. ಬಿಳಿ ಹಾಸಿನ ಮೇಲೆ ಸಾವಕಾರರು ಒಂದು ಕಾಲು ಮಡಚಿ ಕೂತಿರುತ್ತಾರೆ. ಮುಂದೆ ಮಾದರಿಯ ಮೆಣಸಿನಕಾಯಿ. ಒಂದನ್ನು ಎತ್ತಿ ಮುರಿದು ಮೂಸುತ್ತಾರೆ. ಗಿರಾಕಿಯ ಕಡೆ ಎಸೆಯುತ್ತಾರೆ, ಅವನೂ ಮೂಸುತ್ತಾನೆ. ಕೈಯ ಮೇಲೆ ಹೆಗಲ ಬಟ್ಟೆ, ವಲ್ಲಿ, ಹೊದಿಸಿಕೊಂಡು, ಬೇರೆಯವರಿಗೆ ಕಾಣದಂತೆ ಇಬ್ಬರೂ ಬೆರಳು ಹಿಡಿದು ದರ ಮಾತಾಡುತ್ತಾರೆ. ಈಗ ಆ ವ್ಯವಹಾರ ಯಾರೂ ಮಾಡುವುದಿಲ್ಲ. ಮೊಬೈಲಿನಲ್ಲಿ ದರ ಬರುತ್ತದೆ. ಆದರೂ ಹಳೆಯ ಗಿರಾಕಿ ಬಂದರೆ ಸಾವಕಾರರಿಗೆ ವಲ್ಲಿ ಬೇಕು. ಮಧ್ಯಾಹ್ನ ಗೋಡೆಗೊರಗಿ ನಿದ್ದೆ. ನಾಲ್ಕಕ್ಕೆ ಅಂಬಾರಾಯ ಕಾಗದದ ಪೊಟ್ಟಣ ತರುತ್ತಾನೆ. ಆಗ ಅವರು ನೇರ ಕ್ಯಾಮೆರಾದ ಕಡೆ ನೋಡಿ, ಎದುರಿಗೆ ಹೆಂಡತಿಯೇ ನಿಂತಿದ್ದಾಳೆಂಬಂತೆ ಒಂದು ಬೆರಳು ಎತ್ತುತ್ತಾರೆ. ಒಂದೇ ಒಂದು, ಎಂದು ಅರ್ಥ. ತಿನ್ನುತ್ತಾರೆ. ಕೂಡಲೇ ಗಾದಿಯ ಮೇಲಿನ ಫೋನಿನ ದೀಪ ಮಿಣುಕುತ್ತದೆ. ಅವರು ಎತ್ತುವುದಿಲ್ಲ. ಭುಜ ಕುಣಿಸುತ್ತ ನಗುತ್ತಾರೆ.

ಹಿಂದಿನ ಗಾಡಿ ಹಾರ್ನ್ ಹೊಡೆಯಿತು. ಸಿಗ್ನಲ್ ಬಿಟ್ಟಿತ್ತು.

ಬಾಗಿಲು ತೆಗೆದವಳು ವಿಕಾಸನ ಹೆಂಡತಿ ಸ್ನೇಹಲ್. ಮರಾಠಿ ಮನೆಯ ಹುಡುಗಿ, ಅತ್ತೆಯ ಜೊತೆ ಮಾತಾಡಿ ಮಾತಾಡಿ ಅರ್ಧ ಕನ್ನಡ ಕಲಿತವಳು.

"ಯಾ, ಒಳಗ ಬರ್ರಿ ಮಾಂತುದಾದಾ. ಆಯಿ ಮೂರು ತಾಸು ಆತು, ಬಂದ್ ಬಿದ್ದ ಕಾಳಾ ಟೀವಿ ನೋಡಿ ಕುಂತಾರ. ನಾ ಸೀರಿಯಲ್ ಹಚ್ಚಲಾ ಅಂದ್ರ ಬೈದ್ರು."

ಶಿವಗಂಗವ್ವ ಸೋಫಾದ ಮೇಲೆ ಕಾಲು ಮೇಲೆತ್ತಿಕೊಂಡು, ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಣೆಯ ಮೇಲೆ ವಿಭೂತಿ. ಮಾಂತುವನ್ನು ನೋಡಿ ಸರಿದು ಜಾಗ ಮಾಡಿದಳು.

"ಬಾ. ಖಾರದ ವಾಸನಿ ಹೊಡಿಯಾಕತ್ತದ. ಗೋದಾಮಿನಿಂದ ನೆಟ್ಟಗ ಬಂದಿ?"

"ಹೌದ್ರಿ. ದಸರಾದಾಗ ಒಂದು ಕರೇ ಡಬ್ಬಿ ಪೂಜಾ ಮಾಡಿದ್ರಲ್ರಿ, ಅದು ಬೇಕಿತ್ತು. ರಿಪೇರಿಗೆ."

ಅವಳು ಏನೂ ಕೇಳದೆ ಎದ್ದು ದೇವರ ಕೋಣೆಗೆ ಹೋದಳು. ಕೆಂಪು ಬಟ್ಟೆಯ ಗಂಟು ಬಿಚ್ಚುವ ಸದ್ದು, ಗಂಟೆ ಒಮ್ಮೆ ಕಿಣಿ ಎಂದದ್ದು ಕೇಳಿತು. ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಅದರ ನೆತ್ತಿಯ ಮೇಲೆ ಒಣಗಿದ ಕುಂಕುಮ ಹಾಗೇ ಇತ್ತು.

"ಇಲ್ಲೇ ನೋಡು ಹತ್ತತದೋ ಇಲ್ಲೋ. ಹೊತ್ಕೊಂಡು ಹೋಗಿ, ಆಮ್ಯಾಲ ಕೆಟ್ಟದ ಅನಬ್ಯಾಡ."

ಕೊಟ್ಟುಬಿಟ್ಟರೆ ತೆಗೆದುಕೊಂಡು ಹೋಗಬಹುದು ಎಂದು ಬಂದವನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಅಂಗಿಯ ತುದಿಯಿಂದ ಡಿಸ್ಕಿನ ಬಾಯೊಳಗಿನ ಕುಂಕುಮ ಒರೆಸಿ, ಊದಿ, ಟೀವಿಯ ಹಿಂದೆ ಸಿಕ್ಕಿಸಿದ. ಸ್ವಲ್ಪ ಹೊತ್ತಿಗೆ ಚಿತ್ರ ಬಂತು. ಸಾವಕಾರರು ಗಾದಿಯ ಮೇಲೆ ಕೂತು ಮೂಗಿನ ತುದಿಯ ಕನ್ನಡಕದಿಂದ ಏನೋ ಓದುತ್ತಿದ್ದರು. ಮಾಂತು ಟೀವಿಗೆ ಬೆನ್ನು ಕೊಟ್ಟು ಅವಳ ಮುಖ ನೋಡಿದ. ಮೂಲೆಯ ತಾರೀಖಿನ ಮುಂದೆ ತನ್ನ ಭುಜ ಅಡ್ಡ ಬರುವಂತೆ ನಿಂತಿದ್ದೇನೆಂಬುದು ಅವನ ಅರಿವಿಗೂ ಬಂದಿತ್ತು.

"ಸರಿ ಅತ್ತಾಗ."

ಸರಿದ. ಅವಳು ತಾರೀಖಿನ ಕಡೆ ನೋಡಲೇ ಇಲ್ಲ.

"ಇದು ದಸರಾದ ಹಿಂದಿಂದು."

"ಹ್ಯಾಂಗ ಗೊತ್ತಾತ್ರಿ?"

"ಕೊರಳ ನೋಡು. ಅಂಗಿ ಪಟ್ಟಿ ಬಿಗಿ ಅದ. ದಸರಾ ಆದ ಮ್ಯಾಲ ಮೈ ಇಳೀತು, ಪಟ್ಟಿ ಜೋತ ಬೀಳ್ತಿತ್ತು. ಎರಡ ಸಲ ಗುಂಡಿ ಸರಿಸಿ ಹಚ್ಚೀನಿ ನಾ." ರಿಮೋಟ್ ಒತ್ತಿದಳು. ಇನ್ನೊಂದು ದಿನ. ಮತ್ತೊಂದು. "ಇದೂ ಹಿಂದಿಂದು. ಇದೂ. ದಸರಾದ ಮುಂದಿನವು ಎಲ್ಲಿ?"

ಅಡಿಗೆಮನೆಯಲ್ಲಿ ಕುಕ್ಕರ್ ಕೂಗಿ ನಿಂತಿತು. ಮಾಂತುವಿನ ಕಿಸೆಯಲ್ಲಿ ಫೋನ್ ನಡುಗಿತು, ವಿಕಾಸನದೇ ಇರಬೇಕು. ತೆಗೆಯಲಿಲ್ಲ.

"ಹ್ವಾದ್ವುರಿ," ಎಂದ. "ಮುಂಜಾನೆ ನಾನಽ ಅಳಿಸೀನಿ."

ಅವಳು ಅವನನ್ನೇ ನೋಡುತ್ತಿದ್ದಳು. ಅವನು ಹೇಳಿದ. ಡಿಸ್ಕ್ ಜಾಗದಲ್ಲಿ ಇರಲಿಲ್ಲವೆಂದು, ಇದೆ ಎಂದುಕೊಂಡು ಯಂತ್ರ ತನ್ನೊಳಗೇ ಪ್ರತಿ ಮಾಡಿಕೊಳ್ಳುತ್ತಿತ್ತೆಂದು, ಮೇಲ್ ನೋಡಿ ನಂಬಿದೆನೆಂದು. ಯಾರು ಕಿತ್ತರೆಂದು ಹೇಳಲಿಲ್ಲ. ಅವಳು ಕೊನೆಯವರೆಗೂ ಕೇಳಿದಳು.

"ಅಂದ್ರ ನಮ್ಮ ಮಾಲು ನಮ್ಮ ಗೋದಾಮಿನಾಗಽ ಇಟಗೊಂಡು, ಬ್ಯಾರೆ ಊರಿಗೆ ಕಳಿಸೀನಿ ಅಂತ ಬರಕೊಂಡಂಗ."

"ಹಂಗಽರಿ."

"ಗೋದಾಮಿಗೆ ಬೆಂಕಿ ಬಿದ್ರ ಎರಡೂ ಹೋದಂಗ."

"ಹೌದ್ರಿ."

ಶಿವಗಂಗವ್ವ ಟೀವಿಯ ಹಿಂದಿನಿಂದ ಇಣುಕುತ್ತಿದ್ದ ಡಿಸ್ಕನ್ನೂ ಅದರ ಮೇಲಿನ ಕುಂಕುಮವನ್ನೂ ನೋಡಿದಳು. ಆಮೇಲೆ ತನ್ನ ಬಲಗೈ ಬೆರಳನ್ನು ಸೆರಗಿಗೆ ನಿಧಾನ ಒರೆಸಿದಳು. ಬೆರಳಿನಲ್ಲಿ ಏನೂ ಇರಲಿಲ್ಲ.

"ನಾನಽ ಕಿತ್ತಿದ್ನಿ ಅದನ್ನ. ನಾನಽ ಗಂಟಿನಾಗ ಕಟಗೊಂಡು ಬಂದ್ನಿ. ಬರೂ ದಸರಾಕ ಬೇಕಾಗ್ತದ ಅಂತ."

"ನಾ ಎದ್ದು ನೋಡಬೇಕಿತ್ರಿ. ಎಂಟ ತಿಂಗಳಾತು, ಒಂದಿನ ನೋಡಲಿಲ್ಲ. ತಪ್ಪು ನಂದು."

"ನಂದು ನಿಂದು ಅಂತ ಪಾಲ ಮಾಡ್ಕೋಳಾಕ ಇದೇನ ಹೊಲ ಅಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. ಗೋದಾಮಿನಲ್ಲಿ ನೆನೆದ ಚೀಲಗಳ ಮುಂದೆ ನಿಂತು ಗಂಡ ಮಾತಾಡುತ್ತಿದ್ದ ದನಿ ಅದು. ಮಾಂತುವಿಗೆ ಚೆನ್ನಾಗಿ ಗೊತ್ತಿತ್ತು. "ಎಷ್ಟ ಹ್ವಾದ್ವು, ಅದನ್ನ ಹೇಳು ಮೊದಲ."

"ಸಂಕ್ರಾಂತಿ ಹಿಂದಿನ ದಿನದ ತನಕ ಬಂದಾರ್ರಿ ಸಾವಕಾರ್ರು."

"ಅದು ನನಗ ಗೊತ್ತದ. ಲೆಕ್ಕ ಹೇಳು."

ಮಾಂತು ಫೋನಿನಲ್ಲಿ ಕ್ಯಾಲೆಂಡರ್ ತೆಗೆದ. ದಸರೆಯಿಂದ ಸಂಕ್ರಾಂತಿಯ ಹಿಂದಿನ ದಿನದವರೆಗೆ ಎಣಿಸಿದ. "ತೊಂಬತ್ನಾಕರಿ."

"ದಸರಾ ದಿನ ಬಾಗಲಾನಽ ತಗದಿಲ್ಲ. ಅದನ್ನ ತಗಿ. ಐತವಾರ ತಗಿ."

"ಐತವಾರ ಹದಿನಾಕರಿ. ಎಪ್ಪತ್ತೊಂಬತ್ತು."

"ಜ್ವರ ಬಂದು ಮನ್ಯಾಗ ಮಲಗಿದ್ರು, ನೆನಪದಿಲ್ಲೋ? ಹುಗ್ಗಿ ಬೇಕಂತ ಹಟ ಮಾಡಿ. ಮೂರ ದಿನ."

"ಎಪ್ಪತ್ತಾರು."

ಅವಳು ಸ್ವಲ್ಪ ಮುಂದೆ ಬಾಗಿ ಕೂತಿದ್ದಳು. ದರ ಇಳಿಸುವವರು ಹಾಗೆ ಕೂರುತ್ತಾರೆ. ಒಂದೊಂದು ದಿನ ಕಳೆದಾಗಲೂ ಏನೋ ಉಳಿಸಿಕೊಂಡವಳಂತೆ ತಲೆ ಆಡಿಸುತ್ತಿದ್ದಳು. ಮಾಂತುವೂ ಅದರಲ್ಲಿ ಸೇರಿಕೊಂಡ. ಅವನೇ ಹುಡುಕಿ ಹೇಳಿದ: "ಕ್ಯಾಮೆರಾ ವೈರ್ ಇಲಿ ಕಡದು ಒಂದ ದಿನ ಬಂದ್ ಇತ್ತರಿ. ಕಾರ್ತೀಕದಾಗ."

"ಹೌದು. ಅವತ್ತ ನಾ ನಿನಗ ಬೈದಿದ್ನಿ. ತಗಿ."

"ಎಪ್ಪತ್ತೈದು."

"ಅಮಾಸಿ. ಅಮಾಸಿಗೆ ನಮ್ಮ ಅಂಗಡಿ ಇರೂದಿಲ್ಲ."

"ಮೂರ ಅಮಾಸಿ ಬರ್ತಾವ್ರಿ. ಒಂದು ಐತವಾರಽ ಬಿದ್ದದ, ಅದು ಆಗಲೇ ಹೋತು. ಎರಡ ತಗದ್ರ ಎಪ್ಪತ್ಮೂರು." ಹೇಳಿ, ಬೆರಳನ್ನು ಕ್ಯಾಲೆಂಡರಿನ ಮೇಲೆ ಹಾಗೇ ನಿಲ್ಲಿಸಿದ. "ಇಲ್ಲರಿ. ಒಂದ ಅಮಾಸಿ ತಗ್ಯಾಕ ಬರೂದಿಲ್ಲ. ಅವತ್ತ ಸಂಜಿಕ ಅಂಗಡಿ ತಗದಿದ್ರು. ಲಕ್ಷ್ಮೀಪೂಜಾ."

ಟೀವಿಯಲ್ಲಿ ಸಾವಕಾರರು ಓದುತ್ತಿದ್ದ ಕಾಗದ ಮಡಚಿಟ್ಟು ಯಾರನ್ನೋ ಕರೆದರು. ಶಿವಗಂಗವ್ವ ಆ ಕಡೆ ನೋಡಲಿಲ್ಲ. ಹಿಂದಕ್ಕೆ ಒರಗಿದಳು.

"ಅದನ್ನ ತಗೀಬ್ಯಾಡ," ಎಂದಳು. "ಅವತ್ತ ನಾನೂ ಬಂದಿದ್ನಿ. ಕೈ ಹಿಡದು ಎಳದು ಬಾಜೂಕ ಕುಂಡ್ರಿಸಿಗೊಂಡ್ರು, ಎಲ್ಲಾರ ಮುಂದ. ನಾ ಬ್ಯಾಡ ಬ್ಯಾಡ ಅಂದೆ."

ಸ್ನೇಹಲ್ ಎರಡು ಕಪ್ ಚಹಾ ತಂದು ಟೀಪಾಯಿಯ ಮೇಲಿಟ್ಟು, ಇಬ್ಬರ ಮುಖ ನೋಡಿ ಒಳಗೆ ಹೋದಳು. ಮಾಂತು ಕ್ಯಾಲೆಂಡರ್ ಮುಚ್ಚಿದ.

ಹೋದದ್ದು ಎಪ್ಪತ್ತನಾಲ್ಕು ದಿನ. ಅದರಲ್ಲಿ ಒಂದು ದೀಪಾವಳಿ.